ಅನಂತಲಕ್ಷ್ಮಮ್ಮನ ಉಪ್ಪಿನ ಕೈ

ರಾಜಾಜಿನಗರದ ಎರಡನೇ ಬ್ಲಾಕಿನ ಅನಂತಲಕ್ಷ್ಮಮ್ಮ ರುಚಿ ನೋಡಿ ಅಡಿಗೆ ಮಾಡಿದವರೇ ಅಲ್ಲ. ನೈವೇದ್ಯಕ್ಕೆ ಮೊದಲು ನಾಲಗೆಗೆ ಸೋಕಿಸಿದರೆ ಎಂಜಲು. ಎಂಜಲನ್ನು ದೇವರ ಮುಂದೆ ಇಡುವುದುಂಟೆ? ಚಿಕ್ಕ ವಯಸ್ಸಿಗೇ ಅತ್ತೆಯ ಒಲೆಯ ಮುಂದೆ ಕೂತಂದಿನಿಂದ ಅವರಿಗೆ ಕೈಯೇ ಅಳತೆ. ಮರಿಗೆಯಿಂದ ಒಂದು ಹಿಡಿ ಕಲ್ಲುಪ್ಪು ತೆಗೆದು ಹುಳಿಗೆ ಎಸೆದರೆ ಮುಗಿಯಿತು. ಮಾತಾಡುತ್ತಲೇ ಎಸೆಯುತ್ತಿದ್ದರು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅವರ ಯಜಮಾನರು ಸೇತುರಾಮಯ್ಯ, ಕಾರ್ಖಾನೆಯೊಂದರ ಗುಮಾಸ್ತರು, ಆಫೀಸಿನಲ್ಲೇ ತಲೆಸುತ್ತಿ ಬಿದ್ದರು. ಬ್ಲಡ್ ಪ್ರೆಶರ್ರು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ನೋಡಿ ತಾಯಿ, ಉಪ್ಪಿನಕಾಯಿ ಹಪ್ಪಳ ಬಂದ್. ಹುಳಿ ಸಾರಿಗೆ ಅರ್ಧ ಉಪ್ಪು. ಇಲ್ದಿದ್ರೆ ಮುಂದಿನ ಸಲ ಬಿದ್ದೋರು ಏಳೋದು ಕಷ್ಟ" ಎಂದರು.

ಅನಂತಲಕ್ಷ್ಮಮ್ಮ ಉಪ್ಪಿನಕಾಯಿ ಜಾಡಿಯನ್ನು ಅವತ್ತೇ ಪಕ್ಕದ ಮನೆಗೆ ಸಾಗಿಸಿದರು. ಉಪ್ಪಿಗೊಂದು ಚಮಚ ಇಟ್ಟರು. ಆದರೆ ಈ ಹಾಳು ಕೈ ಕೇಳಬೇಕಲ್ಲ! ಚಮಚದಲ್ಲಿ ಹಾಕಿ ಒಗ್ಗರಣೆಗೆ ತಿರುಗುವಷ್ಟರಲ್ಲಿ ಅದು ತನ್ನ ಪಾಡಿಗೆ ತಾನು ಮರಿಗೆಗೆ ಹೋಗಿ ಇನ್ನೊಂದು ಹಿಡಿ ಎಸೆದು ಬಂದಿರುತ್ತಿತ್ತು. ಅದು ಗೊತ್ತಾಗುತ್ತಿದ್ದದ್ದು ಯಜಮಾನರು ಉಂಡೆದ್ದ ಮೇಲೆ, ತಾವು ಊಟಕ್ಕೆ ಕೂತಾಗ. ಯಜಮಾನರಂತೂ ಬಾಯಿ ಬಿಡುತ್ತಿರಲಿಲ್ಲ; ಉಪ್ಪು ಜಾಸ್ತಿಯಾದ ದಿನ ಅವರಿಗೆ ಹಬ್ಬ. ತಿಂಗಳ ಮೇಲೆ ಡಾಕ್ಟರು ಪ್ರೆಶರ್ ನೋಡಿ, "ಏನಮ್ಮಾ, ಅಡಿಗೆ ಮಾಡ್ತಿದೀರೋ, ಇವರನ್ನ ಉಪ್ಪಲ್ಲಿ ನೆನೆಹಾಕ್ತಿದೀರೋ?" ಎಂದು ರೇಗಿದರು. ದಾರಿಯುದ್ದಕ್ಕೂ ಅನಂತಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾರನೆಯ ದಿನ ಬೂದುಗುಂಬಳಕಾಯಿ ಹುಳಿ ಕುದಿಯುತ್ತಿತ್ತು. ಸೊಪ್ಪಿನವಳು ಕೂಗಿದಳೆಂದು ಬಾಗಿಲಿಗೆ ಹೋಗಿ ಬಂದರು. ಅಯ್ಯೋ, ಉಪ್ಪು ಹಾಕಿದೆನೋ ಇಲ್ಲವೋ? ಒಂದು ಸಲವೋ ಎರಡು ಸಲವೋ? ನೆನಪೇ ಇಲ್ಲ. ದೇವರ ಮನೆಯ ಕಡೆ ಒಮ್ಮೆ ನೋಡಿದರು.

"ಕೋಪ ಮಾಡ್ಕೋಬೇಡಪ್ಪಾ, ನಂಗೆ ಅವರು ಬೇಕು" ಎಂದು ಸೌಟಿನಿಂದ ಅಂಗೈಗೆ ಎರಡು ತೊಟ್ಟು ಬಿಟ್ಟುಕೊಂಡು ನೆಕ್ಕಿಯೇಬಿಟ್ಟರು. ಉಪ್ಪೋ ಉಪ್ಪು! ಇನ್ನಷ್ಟು ಬೇಳೆ ಬೇಯಿಸಿ, ನೀರು ಬೆರೆಸಿ, ಮತ್ತೆ ನೆಕ್ಕಿ ನೋಡಿ, ಸಪ್ಪೆಯೆನಿಸಿದ ಮೇಲೆಯೇ ಇಳಿಸಿದರು.

ಪೂಜೆಗೆ ಕೂತಿದ್ದ ಸೇತುರಾಮಯ್ಯ ನೋಡುತ್ತಾರೆ, ನೈವೇದ್ಯಕ್ಕೆ ಬರೀ ಹಾಲು, ಬಾಳೆಹಣ್ಣು.

"ಹುಳಿ ಎಲ್ಲೇ?"

"ರುಚಿ ನೋಡಿದೆ. ಎಂಜಲಾಯ್ತು."

ಆಚಾರದ ಮನುಷ್ಯ, ಸಿಡಿಯುತ್ತಾರೆಂದು ಅನಂತಲಕ್ಷ್ಮಮ್ಮ ಸೌಟು ಹಿಡಿದೇ ನಿಂತಿದ್ದರು. "ಬೈಯೋದಾದ್ರೆ ಬೈದ್ಬಿಡಿ. ಎಂಜಲು ತಿಂದ್ರೂ ಪರವಾಗಿಲ್ಲ, ನೀವು ಬದುಕಿರಬೇಕು" ಎಂದರು.

ಸೇತುರಾಮಯ್ಯ ಪೂಜೆಯ ಗಂಟೆ ಎತ್ತಿಕೊಂಡರು. ಹಾಲು ಹಣ್ಣಿನಲ್ಲೇ ನೈವೇದ್ಯ ಮುಗಿಸಿ ಬಂದು ಎಲೆಯ ಮುಂದೆ ಕೂತರು. ಮೊದಲ ತುತ್ತಿಗೇ ಮುಖ ಹಿಂಡಿಕೊಂಡರು.

"ಸಪ್ಪೆ ಸಪ್ಪೆ ಕಣೇ" ಎಂದರು. "ಇನ್ನೊಂದು ಸೌಟು ಹಾಕು. ನಾಳೆನೂ ರುಚಿ ನೋಡೇ ಮಾಡು."