ಎಲ್ಲಾ ಬಾಗಿಲಿಗೂ ಆಗುವ ಕೀ

ಮೈತ್ರಿ ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಹುಡುಗಿ. ದೂರದವಳಲ್ಲ, ಇಲ್ಲೇ ಬೆಂಗಳೂರಿನ ಸಿದ್ದಾಪುರದವಳು. ಅಪ್ಪ ಟೈಲರ್. ಒಂದೇ ಕೋಣೆಯ ಮನೆ, ದಿನವೆಲ್ಲ ಮೆಷಿನ್ ಸದ್ದು. ಅಲ್ಲಿ ಲ್ಯಾಪ್‌ಟಾಪ್ ಕೆಲಸ ಆಗುವುದಿಲ್ಲ ಎಂದು ಬಿಟಿಎಂ ಲೇಔಟಿನ ನಮ್ಮ ಮನೆಗೆ ಬಂದಳು. ಆಗ ನಮ್ಮ ಯಜಮಾನರು ಇದ್ದರು. ಅವರು ತೀರಿಕೊಂಡ ದಿನ ತನ್ನ ರೂಮಿನಲ್ಲಿ ಕಾಫಿ ಕಾಸಿ ಬಂದವರಿಗೆಲ್ಲ ಕೊಟ್ಟವಳು ಅವಳೇ.

ಅವಳದು ಟೆಸ್ಟಿಂಗ್ ಕೆಲಸ. ಮನೆಗೆ ಹಾಲು ತರಿಸುವ ಆಪ್ ಒಂದಿದೆ. ಫೋನಿನಲ್ಲಿ ಒತ್ತಿದ್ದು ಕಂಪನಿಯ ಕಂಪ್ಯೂಟರಿಗೆ ಸರಿಯಾಗಿ ಮುಟ್ಟುತ್ತದಾ ಎಂದು ನೋಡಬೇಕು. ಪ್ರತಿ ಸಲವೂ ಟೋಕನ್ ತೋರಿಸಬೇಕಂತೆ. ಲಾಗಿನ್ ಆದಾಗ ಕೊಡುವ ಚೀಟಿಯಂಥದ್ದು, ಒಬ್ಬೊಬ್ಬರಿಗೆ ಒಂದೊಂದು. ಸ್ವಲ್ಪ ಹೊತ್ತಿಗೆ ಸಾಯುತ್ತದೆ. ಮತ್ತೆ ಲಾಗಿನ್, ಮತ್ತೆ ಕಾಪಿ, ಮತ್ತೆ ಪೇಸ್ಟ್. ಪಕ್ಕದಲ್ಲಿ ಉಪ್ಪಿಟ್ಟು ಆರುತ್ತಿರುತ್ತದೆ.

ಆ ಶುಕ್ರವಾರ ಆಪಿನ ಹೊಸ ಆವೃತ್ತಿ ಜನರಿಗೆ ಬಿಡುವ ದಿನ. ಅವಳ ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ತಪ್ಪಾದರೆ ಮನೆಗೆ ಕಳಿಸುತ್ತೇನೆ ಎಂದು ಮ್ಯಾನೇಜರ್ ಜಯಸಿಂಹ ಹೇಳಿದ್ದ.

ಮಧ್ಯಾಹ್ನ ಕೆಳಗೆ ಓಡಿ ಬಂದಳು.

“ಆಂಟಿ, ಇನ್ಮೇಲೆ ಕಾಪಿ ಪೇಸ್ಟ್ ಇಲ್ಲ! ಲಾಗಿನ್ ಆದ ತಕ್ಷಣ ಟೋಕನ್ ತಾನೇ ಹೋಗಿ ಎಲ್ಲಾ ಟೆಸ್ಟಲ್ಲೂ ಕೂತ್ಕೊಳೋ ಹಾಗೆ ಮಾಡಿದೀನಿ. ಸತ್ರೆ ತಾನೇ ಹೊಸದು ಬರುತ್ತೆ. ಎಲ್ಲಾ ಪಾಸ್! ಸಾರ್‌ಗೆ ಓಕೆ ಅಂತ ಮೆಸೇಜ್ ಹಾಕ್ಬಿಟ್ಟೆ.”

“ಸತ್ರೆ ಹೊಸದು ಬರುತ್ತಾ? ಪುಣ್ಯ ಮಾಡಿದೆ ನಿನ್ ಟೋಕನ್ನು.”

ಅವಳ ಮುಖ ಬಾಡಿತು. “ಸಾರಿ ಆಂಟಿ.”

“ಹೋಗು, ಮೊದ್ಲು ತಿನ್ನು.”

ಹೋದವಳು ಮತ್ತೆ ಬಂದಳು. ಖುಷಿಯಲ್ಲಿ ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದಳು. ನನ್ನ ಸೊಂಟದಲ್ಲಿ ಯಜಮಾನರ ಕೀ ಇತ್ತು. ಮೇಲಿನ ರೂಮುಗಳಿಗೆಲ್ಲ ಅದೊಂದೇ ಆಗುತ್ತದೆ. ಅವರು ಅದನ್ನು ಯಾರ ಕೈಗೂ ಕೊಟ್ಟವರಲ್ಲ. ನಾನೂ ಕೊಟ್ಟಿರಲಿಲ್ಲ. ಮಂಡಿ ನೋವು. ಕೊಟ್ಟೆ.

ಮೇಲೆ ಪಕ್ಕದ ರೂಮಿನ ವಿಮಲಾ ಕಿರುಚಿದಳು. “ಏನೇ, ಹಿಂಗ್ ನುಗ್ತೀಯಾ? ಸೀರೆ ಉಡ್ತಾ ಇದೀನಿ ಕಣೇ!”

ಮೊಬೈಲ್ ನೋಡುತ್ತ ಮೈತ್ರಿ ತಪ್ಪು ಬಾಗಿಲಿಗೆ ಕೀ ಹಾಕಿದ್ದಳು. ಅದೂ ತೆರೆದುಕೊಂಡಿತ್ತು. ಮಂಡಿ ಹಿಡಿದುಕೊಂಡೇ ಹತ್ತಿದೆ. ಅವಳು ಕೀ ನೋಡುತ್ತ ನಿಂತಿದ್ದಳು.

“ಆಂಟಿ, ನಾನೂ ಇದೇ ಮಾಡಿದೀನಿ. ಟೆಸ್ಟಿಗೆ ಅಂತ ಕೊನೇಲಿ ಅಡ್ಮಿನ್ ಹೆಸರಲ್ಲಿ ಲಾಗಿನ್ ಆಗಿದ್ದೆ. ಅವನು ಓನರ್ ಇದ್ದಂಗೆ, ಅವನಿಗೆ ಎಲ್ಲಾ ತೆಗೆಯುತ್ತೆ. ಅವನ ಟೋಕನ್ನೇ ಗ್ರಾಹಕರ ಟೆಸ್ಟಲ್ಲೂ ಕೂತಿದೆ. ಪಾಸ್ ಆಗ್ದೆ ಇನ್ನೇನು!”

“ಆಫೀಸಿನವರಿಗೆ ಗೊತ್ತಾಗುತ್ತಾ?” ಎಂದೆ.

“ಈಗ ಗೊತ್ತಾಗಲ್ಲ.”

ತನ್ನ ರೂಮು ತೆಗೆದು ಕೂತಳು. ಎದ್ದಳು. ಕಿಟಕಿಗೆ ಹೋದಳು, ಬಂದಳು. ಕೊನೆಗೆ ಜಯಸಿಂಹನಿಗೆ ಫೋನ್ ಮಾಡಿದಳು.

“ಸಾರ್, ಆಪ್ ಬಿಡ್ಬೇಡಿ. ನನ್ ಓಕೆ ತಪ್ಪು.”

“ಏನಮ್ಮಾ, ಆಟ ಆಡ್ತಿದೀಯಾ? ಎಲ್ಲಾರೂ ಕಾಯ್ತಾ ಕೂತಿದಾರೆ ಇಲ್ಲಿ!” ಅವನ ಕೂಗು ನನಗೂ ಕೇಳಿಸಿತು.

“ನಿಲ್ಸಿ ಸಾರ್. ಆಮೇಲೆ ಬೈಯ್ರಿ.”

ಒಬ್ಬೊಬ್ಬರ ಟೋಕನ್ ಬೇರೆ ಬೇರೆ ಇಟ್ಟು ಮತ್ತೆ ನಡೆಸಿದಳು. ಒಂದು ಟೆಸ್ಟ್ ಫೇಲಾಗಿ ಕೆಂಪಾಯಿತು. ಯಾರೋ ಗ್ರಾಹಕ ಇನ್ನೊಬ್ಬರ ಮನೆಯ ಹಾಲು ನಿಲ್ಲಿಸಬಹುದಿತ್ತು. ಅದನ್ನು ಕಳಿಸಿದ ಮೇಲೆ ಜಯಸಿಂಹ ಕೂಗಲಿಲ್ಲ. ಸೋಮವಾರ ಆಫೀಸಿಗೆ ಬಾ ಎಂದ.

ಕೆಲಸ ಉಳಿಯಿತು. ಪರ್ಮನೆಂಟ್ ಮಾಡುವುದು ಮುಂದೆ ಹೋಯಿತು. ಕೀ ನನ್ನ ಸೊಂಟಕ್ಕೆ ವಾಪಸ್ ಬಂತು.

ತನ್ನ ಕೀ ಬೇರೆಯವರ ಬಾಗಿಲು ತೆಗೆಯುವುದಿಲ್ಲ ಎಂದು ಈಗಲೂ ಅವಳಿಗೆ ನಂಬಿಕೆ ಇಲ್ಲ. ಸಂಜೆ ತನ್ನ ಕೀ ತಂದು ವಿಮಲಾಳ ಬಾಗಿಲಿಗೆ ಹಾಕಿ ತಿರುಗಿಸಿ ನೋಡುತ್ತಾಳೆ. “ತೆಗೆಯಲ್ಲ ಕಣೇ, ಹೋಗು!” ಎಂದು ವಿಮಲಾ ಒಳಗಿಂದ ಬೈಯುತ್ತಾಳೆ. ಯಜಮಾನರೂ ಹೀಗೇ ಒಂದೊಂದೇ ಬಾಗಿಲು ಅಲ್ಲಾಡಿಸಿ ನೋಡುತ್ತಿದ್ದರು. ಕೆಳಗೆ ಕೂತು ಆ ಸದ್ದು ಕೇಳುತ್ತೇನೆ. ಬೇಡ ಅನ್ನುವುದಿಲ್ಲ.