ಅಂಕಣದ ಕೆಳಗಿನ ಕೋಣೆ

ಉಡುಪಿ ಬಳಿಯ ಶಿರ್ವದ ಮೋರಿಸ್ ಕುವೈತಿಗೆ ಬಂದು ವರ್ಷ ತುಂಬುವಷ್ಟರಲ್ಲಿ ಇರಾಕಿನ ಸೈನ್ಯ ನುಗ್ಗಿತು. ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿ, ಅಮ್ಮಾನ್ ದಾರಿಯಾಗಿ ಊರು ಸೇರಿದವನು ಇನ್ನು ಆ ದಿಕ್ಕಿಗೆ ತಲೆಯಿಟ್ಟೂ ಮಲಗುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದ. ಆದರೆ ಊರಲ್ಲಿ ಕೈಗೆ ಕೆಲಸ ಹತ್ತಲಿಲ್ಲ. ಯುದ್ಧ ಮುಗಿದ ಕೆಲವು ವರ್ಷಕ್ಕೆ ಮತ್ತೆ ಕುವೈತಿನ ವಿಮಾನ ಹತ್ತಿದ. ಶುವೈಖ್‌ನ ಗ್ಯಾರೇಜೊಂದರಲ್ಲಿ ಸ್ವಲ್ಪ ಕಾಲ ದುಡಿದು, ಆಮೇಲೆ ಒಂದು ಕ್ರೀಡಾ ಕ್ಲಬ್ಬಿನ ಬಾಸ್ಕೆಟ್‌ಬಾಲ್ ಹಾಲ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮರದ ನೆಲ ಒರೆಸುವುದು, ಚೆಂಡಿಗೆ ಗಾಳಿ ತುಂಬುವುದು, ಜೆರ್ಸಿ ಒಗೆಸುವುದು. ನರ್ಸ್ ಕಾರ್ಮೆಲ್‌ಳನ್ನು ಮದುವೆಯಾಗಿ ಸಾಲ್ಮಿಯಾದಲ್ಲಿ ಮನೆ ಮಾಡಿದ.

೨೦೦೨ರಲ್ಲಿ ಕ್ಲಬ್ಬಿಗೆ ಕ್ರೊಯೇಷಿಯಾದಿಂದ ಹೊಸ ಕೋಚ್ ಬಂದ. ಹೆಸರು ಆಂತೆ. ಝಾದರ್ ಎಂಬ ಕಡಲೂರಿನವ, ಆ ಊರಿನ ಪ್ರಸಿದ್ಧ ತಂಡದಲ್ಲೇ ಆಡಿದವ. ಬಾಯಿ ತೆರೆದರೆ ಬೈಗುಳ. ನೆಲದಲ್ಲಿ ಒಂದು ಹನಿ ನೀರು ಕಂಡರೂ ಮೋರಿಸ್‌ನ ಮೇಲೆ ಹರಿಹಾಯುತ್ತಿದ್ದ. ಮೋರಿಸ್ ಅವನಿಗೆ ಹೆದರುತ್ತಿದ್ದ.

ಮರುವರ್ಷದ ಮಾರ್ಚಿನಲ್ಲಿ ಇರಾಕಿನ ಮೇಲೆ ಅಮೆರಿಕದ ದಾಳಿ ಶುರುವಾಯಿತು. ಕುವೈತಿನ ಮೇಲೂ ಕ್ಷಿಪಣಿ ಬರಬಹುದೆಂದು ಜನ ಕಿಟಕಿಗಳಿಗೆ ಟೇಪ್ ಅಂಟಿಸಿಕೊಂಡು ಕೂತರು. ಎಷ್ಟೋ ಮಂದಿ ಊರಿಗೆ ಹೊರಟುಹೋದರು. ಆಸ್ಪತ್ರೆಯಲ್ಲಿ ರಜೆ ಇಲ್ಲದ್ದರಿಂದ ಕಾರ್ಮೆಲ್ ಉಳಿದಳು. ಅವಳು ಉಳಿದದ್ದರಿಂದ ಮೋರಿಸ್ ಉಳಿದ. ಆಂತೆ ಮಾತ್ರ ಅಭ್ಯಾಸ ನಿಲ್ಲಿಸಲಿಲ್ಲ. "ನಮ್ಮೂರಲ್ಲಿ ಶೆಲ್ ಬೀಳುವಾಗಲೂ ಆಡಿದ್ದೇವೆ" ಎಂದು ಆಟಗಾರರನ್ನು ಗದರಿಸಿ ಕರೆಸಿದ.

ಅಂದು ಮಧ್ಯಾಹ್ನ ಎಂಟು ಹತ್ತು ಮಂದಿ ಅಂಕಣದಲ್ಲಿ ಓಡುತ್ತಿದ್ದರು. ಆಗ ಸೈರನ್ ಕೂಗಿತು.

ಕಾರ್ಮೆಲ್ ಡ್ಯೂಟಿಯಲ್ಲಿದ್ದಳು. ಮೋರಿಸ್ ಮೊಬೈಲ್ ಒತ್ತಿದ, ಲೈನೇ ಸಿಗಲಿಲ್ಲ. ಮ್ಯಾನೇಜರ್ ಯೂಸುಫ್ ಬಾಗಿಲಿನಿಂದ ಕೂಗಿದ, "ಯಲ್ಲಾ, ಬೇಗ ಮೋರಿಸ್, ಕೆಳಗಿನ ಕೋಣೆ ತೆಗಿ." ಅಂಕಣದ ಕೆಳಗೆ ಹಳೆ ಸಾಮಾನು ತುಂಬಿಡುವ ಕೋಣೆಯೊಂದಿತ್ತು. ಮೋರಿಸ್ ಬೀಗ ತೆಗೆದು ಎಲ್ಲರನ್ನೂ ಒಳಗೆ ಬಿಟ್ಟ. ಎಲ್ಲರೂ ಬಂದರು, ಕೋಚ್ ಬರಲಿಲ್ಲ.

ತಿರುಗಿ ಮೇಲೆ ಓಡಿದ. ಆಂತೆ ಅಂಕಣದ ನಟ್ಟನಡುವೆ ನಿಂತಿದ್ದ. ಕಣ್ಣು ತೆರೆದಿತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಮುಖ ಸುಣ್ಣದಂತೆ ಬಿಳಿಚಿತ್ತು.

"ಕೋಚ್, ಬನ್ನಿ."

ಆಂತೆ ಕದಲಲಿಲ್ಲ. ಮೋರಿಸ್ ಒಂದು ಕ್ಷಣ ಹೊರಬಾಗಿಲಿನ ಕಡೆ ನೋಡಿದ. ತನ್ನ ಕಾರು ಅಲ್ಲೇ ಇತ್ತು. ಇವನನ್ನು ಬಿಟ್ಟು ಕಾರ್ಮೆಲ್‌ಳ ಬಳಿಗೆ ಹೋಗಿಬಿಡಬಹುದಿತ್ತು. ದೂರದಲ್ಲಿ ಎಲ್ಲೋ ದಢ್ ಎಂದಿತು, ಗಾಜುಗಳು ಅದುರಿದವು. ಅವನು ಆಂತೆಯ ಸೊಂಟಕ್ಕೆ ಕೈ ಹಾಕಿ, ತನಗಿಂತ ಒಂದಡಿ ಎತ್ತರದ ಆ ದೇಹವನ್ನು ಎಳೆದುಕೊಂಡೇ ಮೆಟ್ಟಿಲಿಳಿಸಿದ.

ಕೆಳಗೆ ಕತ್ತಲೆ, ಬೆವರಿನ ವಾಸನೆ, ಯಾರದೋ ಪ್ರಾರ್ಥನೆ. ಆಂತೆ ಹರಕು ಇಂಗ್ಲಿಷಿನಲ್ಲಿ ಬಾಯಿಬಿಟ್ಟ.

"ನಾನು ಸುಳ್ಳು ಹೇಳಿದ್ದೆ ಮೋರಿಸ್. ಶೆಲ್ ಬೀಳುವಾಗ ನಾವು ಆಡಲಿಲ್ಲ. ಹೀಗೇ ನೆಲದಡಿಯಲ್ಲಿ ಕೂತಿದ್ದೆವು."

ಝಾದರ್‌ನ ಆ ಕ್ಲಬ್ ಎರಡನೇ ಮಹಾಯುದ್ಧ ಮುಗಿದ ವರ್ಷ ಹುಟ್ಟಿದ್ದು. ಚಿಕ್ಕ ಊರಿನ ಆ ತಂಡ ೧೯೮೬ರಲ್ಲಿ ಝಾಗ್ರೆಬ್‌ಗೆ ಹೋಗಿ, ಅಲ್ಲಿನ ದೊಡ್ಡ ತಂಡವನ್ನು ಅವರದೇ ಅಂಕಣದಲ್ಲಿ ಸೋಲಿಸಿ ಯುಗೊಸ್ಲಾವಿಯಾದ ಚಾಂಪಿಯನ್ ಆಗಿತ್ತು. ಆಂತೆ ಆಗ ಬೆಂಚಿನಲ್ಲಿ ಕೂತವ. ಐದು ವರ್ಷಕ್ಕೆ ಆ ದೇಶವೇ ಒಡೆದು ಯುದ್ಧವಾಯಿತು. ಝಾದರ್‌ಗೆ ನೀರಿಲ್ಲ, ಕರೆಂಟಿಲ್ಲ. ಕ್ರೊಯೇಷಿಯಾದ ತಂಡಗಳು ಯುರೋಪಿನ ತವರು ಪಂದ್ಯಗಳನ್ನೂ ಪರದೇಶದಲ್ಲಿ ಆಡಬೇಕಾಯಿತು.

"ಒಂದು ದಿನ ಸೈರನ್ ಆದಾಗ ನನ್ನ ತಮ್ಮ ಹೊರಗಿದ್ದ. ಹುಡುಕಲು ಹೋಗಲಿಲ್ಲ ನಾನು. ಕಾಲು ಬರಲಿಲ್ಲ. ಅವನು ತಿರುಗಿ ಬರಲೇ ಇಲ್ಲ." ಆಮೇಲೆ ಮೋರಿಸ್‌ನ ಕಡೆ ತಿರುಗಿ ಕೇಳಿದ, "ನಿನ್ನ ಹೆಂಡತಿ ಎಲ್ಲಿ?"

"ಆಸ್ಪತ್ರೆಯಲ್ಲಿ. ಫೋನು ಸಿಗ್ತಾ ಇಲ್ಲ."

ಅಪಾಯ ಕಳೆಯಿತೆಂಬ ಸೈರನ್ ಕೂಗಿದ್ದೇ ಮೊದಲು ಎದ್ದವನು ಆಂತೆ. "ಕಾರಿನ ಕೀ ಕೊಡು. ನಿನ್ನ ಕೈ ನಡುಗುತ್ತಿದೆ" ಎಂದ. ಅವನ ಕೈಯೂ ನಡುಗುತ್ತಿತ್ತು.

ರಸ್ತೆ ಬಿಕೋ ಎನ್ನುತ್ತಿತ್ತು. ಅರ್ಧ ದಾರಿಯಲ್ಲಿ ಸೈರನ್ ಮತ್ತೆ ಶುರುವಾಯಿತು. ಆಂತೆಯ ಕಾಲು ಬ್ರೇಕಿನ ಮೇಲೆ ಬಿತ್ತು, ಕಾರು ನಿಂತಿತು. ಇಳಿದು ಓಡಬೇಕೆ ಎಂದು ಮೋರಿಸ್ ಬಾಗಿಲಿಗೆ ಕೈ ಹಾಕಿದ. ಆಂತೆ ತನ್ನ ಭಾಷೆಯಲ್ಲಿ ಏನೋ ಗೊಣಗಿ ಗೇರ್ ಹಾಕಿದ. ಆಮೇಲೆ ಆಸ್ಪತ್ರೆಯ ಗೇಟಿನವರೆಗೆ ಕಾರು ಎಲ್ಲೂ ನಿಲ್ಲಲಿಲ್ಲ.

ಕಾರ್ಮೆಲ್ ವಾರ್ಡಿನ ರೋಗಿಗಳನ್ನು ಕಿಟಕಿಯಿಂದ ದೂರಕ್ಕೆ ಸರಿಸುತ್ತಿದ್ದಳು. ಗಂಡನನ್ನು ಕಂಡು ಅವಳಿಗೆ ಸಿಟ್ಟೇ ಬಂತು.

"ಸೈರನ್ ಆಗುವಾಗ ಎಂತಕ್ಕೆ ಬಂದದ್ದು ನೀವು? ನಿಮಗೆ ತಲೆ ಸಮ ಉಂಟಾ?"

ಅವಳು ಗಂಡನ ಹಿಂದೆ ಗೋಡೆಗೊರಗಿ ನಿಂತಿದ್ದ ಎತ್ತರದ ಮನುಷ್ಯನನ್ನು ನೋಡಿದಳು. "ಇವರಿಗೆ ಕೂತುಕೊಳ್ಳಲಿಕ್ಕೆ ಹೇಳಿ ಮೊದಲು. ಬೀಳ್ತಾರೆ ಈಗ" ಎಂದು ನೀರು ತರಲು ಹೋದಳು.

ಆ ವರ್ಷವೇ ಝಾದರ್ ತಂಡ, ಯುಗೊಸ್ಲಾವಿಯಾ ಒಡೆದ ಮೇಲೆ ಅಲ್ಲಿನ ದೇಶಗಳು ಸೇರಿ ಕಟ್ಟಿದ ಆಡ್ರಿಯಾಟಿಕ್ ಲೀಗ್ ಗೆದ್ದಿತು. ಸುದ್ದಿ ತಿಳಿದ ದಿನ ಆಂತೆ ಸಾಲ್ಮಿಯಾದ ಮನೆಗೆ ಬಂದು, ಕಾರ್ಮೆಲ್ ಮಾಡಿದ ಮೀನು ಸಾರು ಉಂಡು, ಸುಮ್ಮನೆ ಅತ್ತ. ಬೇಸಿಗೆಯಲ್ಲಿ ಊರಿಗೆ ಹೊರಟುಹೋದ. ಅವನ ನಂತರ ಎಷ್ಟೋ ಕೋಚ್‌ಗಳು ಬಂದರು. ಮೋರಿಸ್ ಇನ್ನೂ ಹತ್ತು ವರ್ಷ ಅದೇ ನೆಲ ಒರೆಸಿದ.