ಮುಳುಗದ ಸೂರ್ಯನ ಊರಿನಲ್ಲಿ ಅಪ್ಪಾಸಾಹೇಬರ ಉಪವಾಸ

ಅಟ್ಟೂರಿನ ಅಪ್ಪಾಸಾಹೇಬರು ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದರು. ಅಷ್ಟೂ ವರ್ಷ ಅವರನ್ನು ಆಳಿದ್ದು ಫೋರ್‌ಮನ್ ಅಲ್ಲ, ಸೂರ್ಯ. ಬೆಳಗಾವಿ ಕಡೆಯ ಜೈನರು. ಹೊತ್ತು ಮುಳುಗಿದ ಮೇಲೆ ಒಂದು ತುತ್ತನ್ನೂ ಬಾಯಿಗಿಡುವವರಲ್ಲ. ಎರಡನೇ ಪಾಳಿ ಇದ್ದಾಗ ಸಂಜೆ ಆರಕ್ಕೇ ಕುಲುಮೆಯಿಂದ ಆಚೆ ಬಂದು ನಿಂತೇ ಡಬ್ಬಿ ಬಿಚ್ಚುತ್ತಿದ್ದರು. ಚತುರ್ದಶಿ ಬಂದರೆ ಇಡೀ ದಿನ ಉಪವಾಸ, ಕಾಯಿಸಿ ಆರಿಸಿದ ನೀರು ಮಾತ್ರ. ಮರುದಿನ ಸೂರ್ಯ ಹುಟ್ಟಿ ನಲವತ್ತೆಂಟು ನಿಮಿಷ ಕಳೆದ ಮೇಲೆ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಈ ವ್ರತ ಒಂದು ಸಲವೂ ತಪ್ಪಿದ್ದಿಲ್ಲ.

ಒಮ್ಮೆ ಡಿಸೆಂಬರಿನಲ್ಲಿ ಕೆಲಸದ ಮೇಲೆ ಕೋಲ್ಕತ್ತಾಗೆ ಹೋಗಿದ್ದಾಗ ಐದಕ್ಕೇ ಹೊತ್ತು ಮುಳುಗಿ, ಬಡಿಸಿಕೊಂಡಿದ್ದ ಅನ್ನ ಬಿಟ್ಟು ಎದ್ದರು. ಜೊತೆಗಿದ್ದವನು ಜಕ್ಕೂರಿನ ಮುನಿಗಂಗಪ್ಪ, ಅದೇ ಕಾರ್ಖಾನೆಯವನು. "ನಮ್ಮೂರಾಗೆ ಇನ್ನೂ ಬೆಳಕೈತೆ ಸಾಯೇಬ್ರೆ, ಉಣ್ಣಿ" ಎಂದ.

"ಯಾವ ಊರಾಗ ಇರ್ತೀವೋ ಆ ಊರಿನ ಸೂರ್ಯನ ಮಾತು ಕೇಳಬೇಕೋ ಗಂಗಪ್ಪಾ" ಎಂದು ಅಪ್ಪಾಸಾಹೇಬರು ಕೈ ತೊಳೆದರು. ಆ ಮಾತನ್ನು ಆಮೇಲೆ ಇಪ್ಪತ್ತು ವರ್ಷ, ಸಿಕ್ಕಸಿಕ್ಕವರಿಗೆಲ್ಲ ಹೇಳಿದರು.

ನಿವೃತ್ತಿಯ ನಂತರ ಇಬ್ಬರೂ ನಾರ್ವೆಗೆ ಹೊರಡಲು ಕಾರಣ ಮುನಿಗಂಗಪ್ಪನೇ. ಜಕ್ಕೂರು ಕೆರೆಯಲ್ಲಿ ಅವನ ತಾತ ಬಲೆ ಬೀಸಿದವರು. ಟ್ರಾವೆಲ್ಸ್‌ನವರ ಪುಸ್ತಕದಲ್ಲಿ ಕಡಲಂಚಿನ ಕೆಂಪು ಮರದ ಮನೆಗಳನ್ನೂ ಹೊಸ್ತಿಲ ಮುಂದೆಯೇ ಕಟ್ಟಿದ ದೋಣಿಗಳನ್ನೂ ನೋಡಿ ಅವನಿಗೆ ನಿದ್ದೆ ಹತ್ತಲಿಲ್ಲ. ಮೀನಿನ ಊರಲ್ಲಿ ನನಗೇನು ಕೆಲಸ ಎಂದು ಅಪ್ಪಾಸಾಹೇಬರು ಗೊಣಗಿದರು. ಅವರ ಹೆಂಡತಿ ಪದ್ಮಶ್ರೀ ಬೀಸಣಿಗೆ ಬೀಸಿಕೊಳ್ಳುತ್ತ, "ಅಲ್ಲಿ ತಂಪ ಇರತದಂತರಿ" ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಜೂನ್ ತಿಂಗಳ ಒಂದು ಬುಧವಾರ ಅವರ ತಂಡ ಲೋಫೋಟೆನ್ ದ್ವೀಪಗಳ ಒಂದು ಹಳ್ಳಿಗೆ ಬಂದಿಳಿಯಿತು. ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಮನೆಗಳು, ನೀರಿನಿಂದ ನೆಟ್ಟಗೆ ಎದ್ದ ಬೆಟ್ಟಗಳು. ಊರಾಚೆ ಮರದ ಚಪ್ಪರಗಳಲ್ಲಿ ಮೀನಿನ ತಲೆಗಳು ತೋರಣದಂತೆ ಒಣಗುತ್ತಿದ್ದವು. ಮುನಿಗಂಗಪ್ಪ ಎದೆ ತುಂಬ ಆ ವಾಸನೆ ಎಳೆದುಕೊಂಡ. ಅಪ್ಪಾಸಾಹೇಬರು ಮೂಗಿಗೆ ಟವೆಲ್ ಒತ್ತಿಕೊಂಡರು. ಅಂದು ಚತುರ್ದಶಿ. ಗಂಡ ಹೆಂಡತಿ ಇಬ್ಬರದೂ ಉಪವಾಸ.

ಗುರುವಾರ ಬೆಳಿಗ್ಗೆ ಅಪ್ಪಾಸಾಹೇಬರು ತಂಡದ ಮೇಲ್ವಿಚಾರಕ, ಆರ್.ಟಿ. ನಗರದ ಮನೋಹರ್‌ನನ್ನು ಕೇಳಿದರು. "ಇಲ್ಲಿ ಸೂರ್ಯ ಎಷ್ಟಕ್ಕ ಹುಟ್ಟತಾನಪಾ?"

"ಹುಟ್ಟಲ್ಲ ಅಂಕಲ್."

"ಮೋಡ ಐತೇನು?"

"ಅಯ್ಯೋ, ಮುಳುಗಿದ್ರೆ ತಾನೇ ಹುಟ್ಟೋದು? ಇಲ್ಲಿ ಮುಳುಗೋದೇ ಜುಲೈ ಮಧ್ಯಕ್ಕೆ. ಅದಕ್ಕೇ ಅಲ್ವಾ ಪ್ಯಾಕೇಜ್‌ಗೆ ಇಷ್ಟು ಡಿಮ್ಯಾಂಡು!"

ಅಪ್ಪಾಸಾಹೇಬರು ಬೆರಳು ಮಡಚಿ ದಿನ ಎಣಿಸಿದರು. ಎರಡೂ ಕೈಯ ಬೆರಳು ಸಾಲದಾದಾಗ ಎಣಿಸುವುದನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತರು.

ವಿಷಯ ತಿಳಿದು ಮನೋಹರ್ ಗಾಬರಿಯಾದ. "ಬೆಂಗಳೂರ್ ಟೈಮ್ ಇಟ್ಕೊಂಡು ತಿಂದ್ಬಿಡಿ ಅಂಕಲ್. ಯಾರ್ ನೋಡ್ತಾರೆ?"

"ಇವ್ರು ಒಪ್ಪಾಕಿಲ್ಲ ಕಣಪ್ಪಾ," ಮುನಿಗಂಗಪ್ಪ ತಲೆಯಾಡಿಸಿದ. "ಕೋಲ್ಕತ್ತಾದಾಗೆ ತಟ್ಟೆ ಅನ್ನ ಬಿಟ್ಟೆದ್ದೋರು. ಈಗ ಒಪ್ಪಿದ್ರೆ ಆ ಅನ್ನಕ್ಕೆ ಯಾರು ಜವಾಬು ಯೋಳ್ತಾರೆ?"

ಅಪ್ಪಾಸಾಹೇಬರಿಗೆ ಬೇಕಾಗಿದ್ದೂ ಆ ಅನ್ನವೇ. ಚಿಕ್ಕಬಾಣಾವರದ ಬಸದಿಯ ಪಂಡಿತರಿಗೆ ಫೋನು ಹೋಯಿತು. ಪಂಡಿತರು, "ಗ್ರಂಥ ನೋಡಿ ಹೇಳತೀನಿ. ಎರಡ ದಿನ ಟೈಮ್ ಕೊಡ್ರಿ" ಎಂದರು.

ಇಡೀ ಗುರುವಾರ ಸೂರ್ಯ ತಲೆಯ ಸುತ್ತ ಗಾಣದೆತ್ತಿನಂತೆ ತಿರುಗಿದ. ಅಪ್ಪಾಸಾಹೇಬರು ಕಾಯಿಸಿದ ನೀರು ಕುಡಿಯುತ್ತ ಅವನನ್ನೇ ದಿಟ್ಟಿಸಿದರು. ಒಳಗೆ ಪದ್ಮಶ್ರೀ ಕಿಟಕಿಯ ಪಕ್ಕ ಕಡಲಹಕ್ಕಿ ನೋಡುತ್ತ ಕೂತಿದ್ದರು. ಒಂದು ದೂರೂ ಇಲ್ಲ. "ನನ್ನ ಸಂಗಾಟ ಆಕಿನೂ ಹಸದಾಳ. ಮುಖ ನೋಡು, ಒಂಚೂರರೆ ಬಾಡೇತೇನು? ಅದು ತಪಸ್ಸು" ಎಂದು ಅಪ್ಪಾಸಾಹೇಬರು ಗೆಳೆಯನ ಹತ್ತಿರ ಕೊಂಡಾಡಿದರು.

ಶುಕ್ರವಾರ ಬೆಳಿಗ್ಗೆ ಮುನಿಗಂಗಪ್ಪ ಓಡುತ್ತ ಬಂದ. ಎರಡು ದಿನದಿಂದ ಅವನು ಹಾಲ್ವರ್ ಎಂಬ ಮುದಿ ಬೆಸ್ತನ ಜೊತೆ ದೋಣಿ ಹತ್ತುತ್ತಿದ್ದ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಬಲೆಯ ಗಂಟು ತೋರಿಸಿಕೊಂಡೇ ಗಂಟೆಗಟ್ಟಲೆ ಹರಟುತ್ತಿದ್ದರು.

"ಏಳಿ ಸಾಯೇಬ್ರೆ! ಈಗ ದೋಣೀಲಿ ಆ ಬೆಟ್ಟದ ಬುಡಕ್ಕೆ ಓಗಿದ್ವಿ. ಸೂರ್ಯ ಮುಳುಗೇ ಓದ. ಈಚೆ ಬಂದ್ವಿ, ಉಟ್ಟೇ ಬುಟ್ಟ!"

"ಅದು ಮರಿ ಆಗೂದು. ಮುಳುಗೂದಲ್ಲ."

"ನಮ್ಮೂರಾಗೆ ಮುಳುಗೋದು ಇನ್ನೇನ್ ಮತ್ತೆ? ಭೂಮಿ ಮರೆ ಆಯ್ತದೆ. ಇಲ್ಲಿ ಬೆಟ್ಟ ಮರೆ ಆಯ್ತದೆ. ಬೆಟ್ಟ ಭೂಮಿ ಅಲ್ವ್ರಾ?"

ಎರಡು ದಿನದ ಹಸಿವಿಗೆ ಈ ತರ್ಕ ಬಹಳ ಗಟ್ಟಿಯಾಗಿ ಕಂಡಿತು. ಆದರೂ ಅಪ್ಪಾಸಾಹೇಬರು ಒಂದು ಷರತ್ತು ಹಾಕಿದರು. ತಾನು ಕೂತ ದೋಣಿಯಲ್ಲಿ ಬಲೆ, ಗಾಳ, ಮೀನು ಯಾವುದೂ ಇರಕೂಡದು. ಮನೋಹರ್ ವ್ರತದ ವಿಷಯವನ್ನೂ ಈ ಷರತ್ತನ್ನೂ ಇಂಗ್ಲಿಷಿನಲ್ಲಿ ಹೇಳಿದ. ಹಾಲ್ವರ್ ಅಪ್ಪಾಸಾಹೇಬರನ್ನು ಮೇಲಿಂದ ಕೆಳಗೆ ನೋಡಿ, ತನ್ನ ಎಪ್ಪತ್ತು ವರ್ಷದ ಬಾಳಿನಲ್ಲಿ ಇಂಥ ಗಿರಾಕಿ ಬಂದಿಲ್ಲವೆಂದು ನಕ್ಕ. ಮುನಿಗಂಗಪ್ಪನೂ ಅವನೂ ಸೇರಿ ಬಲೆಗಳನ್ನೆಲ್ಲ ದಡಕ್ಕೆ ಎಸೆದು, ಹಲಗೆಗಳನ್ನು ಮೂರು ಸಲ ತೊಳೆದರು.

ಡಬ್ಬಿ ಹಿಡಿದ ಪದ್ಮಶ್ರೀ, ಮನೋಹರ್ ಕೂಡ ಹತ್ತಿದ ಮೇಲೆ ದೋಣಿ ಬೆಟ್ಟದ ನೆರಳಿಗೆ ನುಗ್ಗಿತು. ತಣ್ಣಗೆ, ನೀಲಿ ಕತ್ತಲು. ಅಪ್ಪಾಸಾಹೇಬರು ಕಣ್ಣು ಮುಚ್ಚಿ ಮಂತ್ರ ಹೇಳಿಕೊಂಡರು. ಕಾಲು ಗಂಟೆಯ ನಂತರ ಬಂಡೆಯ ಅಂಚಿನಿಂದ ಮೊದಲು ಒಂದು ಗೆರೆ ಬೆಳಕು, ಆಮೇಲೆ ಇಡೀ ಸೂರ್ಯ. ಎಲ್ಲರೂ ಚಪ್ಪಾಳೆ ತಟ್ಟಿದರು.

ಪದ್ಮಶ್ರೀ ಡಬ್ಬಿಗೆ ಕೈ ಹಾಕಿದರು.

"ಇನ್ನೂ ನಲವತ್ತೆಂಟು ನಿಮಿಷ" ಎಂದರು ಅಪ್ಪಾಸಾಹೇಬರು.

ಮನೋಹರ್ ಹಣೆ ಒತ್ತಿಕೊಂಡ. ಹಾಲ್ವರ್ ಎಂಜಿನ್ ಆರಿಸಿ ಪೈಪು ಹಚ್ಚಿದ. ಐವರೂ ಬಿಸಿಲಲ್ಲಿ ತೇಲುತ್ತ ಕೂತರು. ಕೆಳಗೆ ತಿಳಿನೀರಿನಲ್ಲಿ ಮೀನುಗಳ ಹಿಂಡು ಯಾವ ಹೆದರಿಕೆಯೂ ಇಲ್ಲದೆ ಹಾದುಹೋಯಿತು. ಇಬ್ಬರು ಬೆಸ್ತರು ಅದನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿ ಉಸಿರುಬಿಟ್ಟರು.

ನಿಮಿಷ ತುಂಬಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮೊದಲ ತುತ್ತಿಗೆ ಅಪ್ಪಾಸಾಹೇಬರ ಕಣ್ಣಲ್ಲಿ ನೀರು ಬಂತು. ಅರ್ಧ ರೊಟ್ಟಿ ಮುಗಿದ ಮೇಲೆ ಹೆಂಡತಿಯ ಕಡೆ ತಿರುಗಿದರು.

"ನೀ ಯಾಕ ತಿನ್ನವಲ್ಲಿ?"

"ನಂದು ಪಾರಣಿ ನಿನ್ನೆನ ಆಗೇತ್ರಿ."

"ನಿನ್ನೆ? ಯಾವ ಸೂರ್ಯ ಹುಟ್ಟಿದ್ದ?"

"ನಮ್ಮ ಅಟ್ಟೂರಿನಂವ. ಅಂವ ಹುಟ್ಟಿ ನಲವತ್ತೆಂಟು ನಿಮಿಷ ಆದಾಗ ಇಲ್ಲಿ ನಸುಕಿನ ಮೂರು ಗಂಟೆ ಹನ್ನೆರಡು ನಿಮಿಷ ಆಗಿತ್ತರಿ. ನೀವು ಗೊರಕಿ ಹೊಡ್ಯಾಕತ್ತಿದ್ರಿ. ನಾ ಎದ್ದು ಎರಡು ರೊಟ್ಟಿ ತಿಂದೆ. ಮಧ್ಯಾಹ್ನ ಮತ್ತ ಎರಡು."

"ನನಗ್ಯಾಕ ಹೇಳಲಿಲ್ಲ?"

"ನೀವು ಗಂಗಪ್ಪನವರ ಮುಂದ ನನ್ನ ತಪಸ್ಸು ಹೊಗಳಾಕತ್ತಿದ್ರಿ. ನಡುವ ಹೆಂಗ ಬಾಯಿ ಹಾಕಲಿ?"

ಮುನಿಗಂಗಪ್ಪ ನೀರಿನ ಕಡೆ ಮುಖ ತಿರುಗಿಸಿದ. ಅವನ ಬೆನ್ನು ಕುಲುಕುತ್ತಿತ್ತು. ಅಪ್ಪಾಸಾಹೇಬರು ಅವನ ಬೆನ್ನನ್ನೂ ಕೈಯಲ್ಲಿದ್ದ ರೊಟ್ಟಿಯನ್ನೂ ಹೆಂಡತಿಯ ಬಾಡದ ಮುಖವನ್ನೂ ಸರದಿಯ ಮೇಲೆ ನೋಡಿದರು. ಬೈಯಲು ಬಾಯಿ ತೆರೆದವರು ರೊಟ್ಟಿ ಮುರಿದು ಅದರೊಳಗಿಟ್ಟುಕೊಂಡರು.

"ಚಟ್ನಿ ಇನ್ನಷ್ಟು ಹಾಕು" ಎಂದರು.

ಅಷ್ಟರಲ್ಲಿ ಅಲೆಗೆ ಸರಿದ ದೋಣಿಯ ಮೂತಿ ಇನ್ನೊಂದು ಬೆಟ್ಟದ ನೆರಳು ಮುಟ್ಟಿತು. ಹಾಲ್ವರ್ ಅದನ್ನು ನೋಡಿದ, ಅಪ್ಪಾಸಾಹೇಬರ ತಟ್ಟೆಯಲ್ಲಿ ಉಳಿದ ಎರಡು ರೊಟ್ಟಿ ನೋಡಿದ. ಯಾರೂ ಹೇಳದೆಯೇ ಎದ್ದು, ಎಂಜಿನ್ ಹಚ್ಚಿ, ದೋಣಿಯನ್ನು ಹಿಂದಕ್ಕೆ ಬಿಸಿಲಿಗೆ ತಂದು ನಿಲ್ಲಿಸಿದ.